ಬಿಸಿಲು ತಾಗಿದ ಹಾಲು

ಭಾಗೀರಥಿಗೆ ಸುಸ್ತು ಎಂಬುದು ಬಂದು ಹೋಗುವ ಸಂಗತಿಯಾಗಿ ಉಳಿದಿರಲಿಲ್ಲ. ಅದು ಮನೆಯ ಮಂದಿಯಲ್ಲಿ ಒಬ್ಬರಾಗಿ ಅವಳ ಜೊತೆಗೇ ಏಳುತ್ತಿತ್ತು, ಜೊತೆಗೇ ಬಸ್ಸು ಹತ್ತುತ್ತಿತ್ತು. ಕಂಡಕ್ಟರ್ ಕೆಲಸವೆಂದರೆ ಸುಮ್ಮನೆ ಮಾತೇ? ಕಿತ್ತೂರಿನಿಂದ ಬಿಟ್ಟರೆ ಬೈಲಹೊಂಗಲ, ಮುರಗೋಡ, ಯರಗಟ್ಟಿ, ಸಾಲಹಳ್ಳಿ ಮುಟ್ಟಿ ರಾಮದುರ್ಗ. ರಾಮದುರ್ಗದಲ್ಲಿ ಮುಖಕ್ಕೆ ನೀರು ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಅದೇ ದಾರಿ ಹಿಂದಕ್ಕೆ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದಮೇಲಂತೂ ಒಳಗೆ ಕಾಲಿಡಲು ಜಾಗವಿಲ್ಲ. ಪುಕ್ಕಟೆಯಾದರೂ ಒಬ್ಬೊಬ್ಬಳಿಗೂ ಸೊನ್ನೆ ಟಿಕೆಟ್ಟು ಹರಿದು ಕೊಡಲೇಬೇಕು. "ರೊಕ್ಕ ಇಲ್ಲಂದಮ್ಯಾಲೆ ಚೀಟಿ ಯಾತಕ್ಕಬೇ?" ಎಂದು ಕೇಳುವ ಮುದುಕಿಯರಿಗೆ ಉತ್ತರ ಕೊಟ್ಟು ಕೊಟ್ಟು ಅವಳ ಗಂಟಲು ಒಣಗಿ ಹೋಗಿತ್ತು. ಸಾಲದ್ದಕ್ಕೆ ಮನೆಯಲ್ಲಿ ಮೊಲೆ ಬಿಡದ ಕೂಸು.

ಮನೆ ಇದ್ದದ್ದು ಮುರಗೋಡದಲ್ಲಿ. ಕೂಸಿನ ಹೆಸರು ರಾಣಿ. ಹೆರಿಗೆ ರಜೆ ಮುಗಿದು ಭಾಗೀರಥಿ ಮತ್ತೆ ಖಾಕಿ ಅಂಗಿ ತೊಟ್ಟ ದಿನದಿಂದ ಆ ರಾಣಿಯ ದರ್ಬಾರು ಬಸ್ಸಿನ ವೇಳೆಗೆ ಕಟ್ಟಿಬಿದ್ದಿತ್ತು. ನಸುಕಿನಲ್ಲಿ ತಾಯಿ ಅರೆನಿದ್ದೆಯಲ್ಲೇ ಒಂದು ಸಲ ಎದೆಗೆ ಹಚ್ಚಿಕೊಂಡು ಡ್ಯೂಟಿಗೆ ಓಡುತ್ತಿದ್ದಳು. ಆಮೇಲೆ ನೆತ್ತಿಯ ಮೇಲೆ ಸೂರ್ಯ ಬಂದಾಗ ಬಸ್ಸು ಮುರಗೋಡದ ಸ್ಟ್ಯಾಂಡಿಗೆ ಹೊಕ್ಕರೆ ಅಲ್ಲಿ ಹಿಂದುಗಡೆ ಬೇವಿನ ಮರದ ಕೆಳಗೆ ಅತ್ತೆ ಶಟ್ಟೆವ್ವ ಕೂಸನ್ನು ಕೌದಿಯಲ್ಲಿ ಸುತ್ತಿಕೊಂಡು ನಿಂತಿರುತ್ತಿದ್ದಳು. ಸಂಜೆ ಬಸ್ಸು ಹಿಂದಕ್ಕೆ ಬರುವಾಗ ಇನ್ನೊಂದು ಸಲ. ಡ್ರೈವರ್ ಅಕ್ಬರಸಾಬ ಗಡ್ಡ ನೆರೆತ ಮನುಷ್ಯ, ಐದು ಮೊಮ್ಮಕ್ಕಳ ಅಜ್ಜ. "ಚಾ ಕುಡದು ಬರತೇನಿ ಬೇಟಿ, ಅಷ್ಟ್ರಾಗ ನಿನ್ನ ಕೆಲಸ ಮುಗಸ್ಕೊ," ಎಂದು ಇಳಿದು ಹೋಗಿ, ಅರ್ಧ ಕಪ್ಪು ಚಹಾವನ್ನು ಊದಿ ಊದಿ, ಆರಿ ತಣ್ಣಗಾದಮೇಲೂ ಊದಿ ಕುಡಿಯುತ್ತಿದ್ದ. ಹಾರ್ನ್ ಬಿತ್ತೆಂದರೆ ಮುಗಿಯಿತು, ಕೂಸಿನ ಬಾಯಿ ಬಿಡಿಸಿ ಓಡಬೇಕು.

ಕೂಸಿಗಾಗಿ ಸಿಕ್ಕುವ ಹೊತ್ತು ಅಷ್ಟೇ. ಅದರಲ್ಲೂ ಅರ್ಧ ಹೊತ್ತು ಮಣ್ಣಿಗೆ ಹೋಗುತ್ತಿತ್ತು ಎಂಬುದೇ ಭಾಗೀರಥಿಯ ಸಂಕಟ.

ಶಟ್ಟೆವ್ವನದೊಂದು ಕಟ್ಟಳೆಯಿತ್ತು. ಬಿಸಿಲಲ್ಲಿ ತಿರುಗಿ ಬಂದ ತಾಯಿಯ ಎದೆಯಲ್ಲಿ ಹಾಲು ಕಾದಿರುತ್ತದೆ. ಆ ಕಾದ ಹಾಲನ್ನು ಕೂಸಿಗೆ ಕೊಟ್ಟರೆ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಹಾಗಾಗಿ ಮೊದಲು ಅದನ್ನು ಹಿಂಡಿ ಚೆಲ್ಲಬೇಕು. ಅದೂ ತುಳಿಯುವ ಜಾಗದಲ್ಲಿ ಬೀಳಬಾರದು, ಮರದ ಬುಡಕ್ಕೇ ಹೋಗಬೇಕು. ಆಮೇಲೆ ತಂಬಿಗೆಯ ನೀರಿನಲ್ಲಿ ಅರಿವೆ ಅದ್ದಿ ಎದೆ ಒರೆಸಿ, ಮೈ ಆರುವವರೆಗೆ ಕುಳಿತು, ನಂತರ ಕುಡಿಸಬೇಕು. ಈ ಸೀಮೆಯ ಹೊಲಗೆಲಸದ ಹೆಂಗಸರಲ್ಲಿ ಇದು ಹೊಸದೇನಲ್ಲ. ಭಾಗೀರಥಿಯ ತವರು ಸಾಲಹಳ್ಳಿಯಲ್ಲೂ ಹಳಬರು ಹೀಗೆ ಮಾಡುತ್ತಿದ್ದುದನ್ನು ಅವಳು ಕಂಡವಳೇ. ಆದರೆ ಅವರೆಲ್ಲ ಹಿಂಡಿದಂತೆ ಮಾಡಿ ಮುಗಿಸುತ್ತಿದ್ದರು. ಶಟ್ಟೆವ್ವ ಹಾಗಲ್ಲ, ಎದುರಿಗೇ ನಿಂತು ನೋಡುತ್ತಿದ್ದಳು.

"ಇನ್ನಷ್ಟ ಹಿಂಡು."

"ಸಾಕ್ರಿ ಅತ್ತಿ, ಖಾಲಿ ಆಗಾಕತ್ತೈತಿ."

"ಕಾದದ್ದು ಹೋಗ್ಲಿ. ಕೈ ಮುಟ್ಟಿ ನೋಡು, ಮೈ ಹೆಂಗ ಸುಡಾಕತ್ತೈತಿ."

ಅತ್ತ ಕೂಸು ಮುಷ್ಟಿ ಬಾಯಿಗೆ ತುರುಕಿಕೊಂಡು ಚೀರುತ್ತಿದ್ದರೆ ಇತ್ತ ತಾಯಿ ಬೇವಿನ ಮರಕ್ಕೆ ಹಾಲು ಎರೆಯುತ್ತಿದ್ದಳು! ಆ ಮರ ಕೊಬ್ಬಿದ್ದೇ ಕೊಬ್ಬಿದ್ದು. ಕೊನೆಗೆ ರಾಣಿ ಬಾಯಿ ಹಚ್ಚಿ, ಹಾಲು ಇಳಿಯತೊಡಗಿ, ಕೂಸಿನ ಕಣ್ಣು ಮುಚ್ಚುವಷ್ಟರಲ್ಲಿ ಹಾರ್ನ್. ಕೂಸು ಮೊಲೆ ಬಿಡದೆ ಜಗ್ಗುತ್ತಿತ್ತು. ಭಾಗೀರಥಿ ಕಿರುಬೆರಳು ಹಾಕಿ ಬಾಯಿ ಬಿಡಿಸಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಓಡುತ್ತಿದ್ದಳು. ಬೆನ್ನ ಹಿಂದೆ ಅಳು ಕೇಳುತ್ತಿತ್ತು.

ಇನ್ನೊಂದು ಚೋದ್ಯ ಕೇಳಿ. ಬಸ್ಸು ಸಾಲಹಳ್ಳಿಯಲ್ಲಿ ನಿಂತಾಗ ಅವಳ ಹಡೆದವ್ವ ಮುದಕವ್ವ ಕಿಟಕಿಯಿಂದ ಡಬ್ಬಿ ಕೊಡುತ್ತಿದ್ದಳು. ಒಂದು ದಿನ ಅಳವಿ ಪಾಯಸ, ಇನ್ನೊಂದು ದಿನ ಸಬ್ಬಸಗಿ ಪಲ್ಯ, ಮತ್ತೊಂದು ದಿನ ಅಂಟಿನುಂಡಿ. "ತಿನ್ನs ಯವ್ವಾ, ಹಾಲು ಭಾಳ ಬರ್ತಾವು," ಎಂದು ಬಸ್ಸು ಬಿಡುವವರೆಗೂ ಹೇಳುತ್ತಿದ್ದಳು. ಒಬ್ಬಳು ಹಾಲು ಬರಲೆಂದು ಉಣಿಸುವವಳು, ಇನ್ನೊಬ್ಬಳು ಬಂದ ಹಾಲನ್ನು ಚೆಲ್ಲಿಸುವವಳು. ಇಬ್ಬರೂ ಕೂಸಿನ ಮೇಲಿನ ಮಾಯೆಯಿಂದಲೇ ಮಾಡುತ್ತಿದ್ದರು ಎಂಬುದರಲ್ಲಿ ಸಂಶಯವಿರಲಿಲ್ಲ, ಅದಕ್ಕೇ ಯಾರ ಮೇಲೂ ಸಿಟ್ಟು ಮಾಡಲು ಅವಳಿಗೆ ದಾರಿ ಇರಲಿಲ್ಲ.

ಎದೆಯ ಹಾಲಿಗೆ ಬಸ್ಸಿನ ಟೈಮು ಗೊತ್ತಾಗುತ್ತದೆಯೇ? ರಾಮದುರ್ಗದಿಂದ ಹೊರಟ ಮೇಲೆ ಯಾವ ಹೆಂಗಸಿನ ಮಡಿಲಲ್ಲಾದರೂ ಒಂದು ಕೂಸು ಅತ್ತರೆ ಸಾಕು, ಭಾಗೀರಥಿಯ ಅಂಗಿ ತೊಯ್ಯುತ್ತಿತ್ತು. ಒಳಗೆ ಹಳೆಯ ಸೀರೆಯ ತುಂಡು ಮಡಚಿ ಇಟ್ಟುಕೊಂಡರೂ ನಿಲ್ಲುತ್ತಿರಲಿಲ್ಲ. ಚರ್ಮದ ಚೀಲವನ್ನು ಎದೆಗೆ ಅವುಚಿ ಹಿಡಿದು ಟಿಕೆಟ್ಟು ಕೊಡುತ್ತಿದ್ದಳು. ಒಬ್ಬ ಹಲ್ಲುಕಿಸುಕ, "ಏನ್ರಿ ಕಂಡಕ್ಟರಮ್ಮಾ, ಅಂಗಿ ತೊಯ್ದೈತಲ್ಲ?" ಎಂದು ಕೇಳಿದಾಗ, "ಹೌದ್ರಿ, ತೊಯ್ದೈತಿ. ನೀವೂ ಹಿಂತಾದನ್ನ ಕುಡದ ಬೆಳದೀರಿ. ಟಿಕೆಟ್ ತಗೋರಿ," ಎಂದು ಬಿಟ್ಟಿದ್ದಳು. ಆಚೆ ಈಚೆಯ ಹೆಂಗಸರು ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ, ಎದೆ ಕಲ್ಲಾಗಿ ನೋಯುತ್ತಿತ್ತು.

ಆ ತಿಂಗಳು ಅಂಗನವಾಡಿಯಲ್ಲಿ ಕೂಸನ್ನು ತೂಗಿದಾಗ ತೂಕ ಹೋದ ತಿಂಗಳು ಇದ್ದಷ್ಟೇ ಇತ್ತು. ಬೇಳೆಕಟ್ಟು, ಗಂಜಿ ಏನು ಕೊಟ್ಟರೂ ರಾಣಿ ನಾಲಿಗೆಯಿಂದ ಹೊರಗೆ ನೂಕುತ್ತಿದ್ದಳು. ಗಂಡ ಮುತ್ತಪ್ಪ ಊರೂರಿಗೆ ಹೋಗಿ ಗೋವಿನಜೋಳದ ಒಕ್ಕಣೆ ಯಂತ್ರ ನಡೆಸುವವನು, ಕೆಟ್ಟವನಲ್ಲ. ಪೇಟೆಯಿಂದ ಒಂದು ಡಬ್ಬಿ ಹಾಲಿನ ಪುಡಿ, ಒಂದು ಬಾಟಲಿ ತಂದು ಗೂಡಿನಲ್ಲಿಟ್ಟ.

"ಎದಿ ಹಾಲು ಸಾಲವಲ್ದು ಅನಸ್ತೈತಿ. ಬರೂ ತಿಂಗಳಾನೂ ತೂಕ ಏರಲಿಲ್ಲಂದ್ರ ಬಾಟ್ಲಿ ರೂಢಿ ಮಾಡೂಣು. ನಿನಗೂ ಹಗರ ಆಗ್ತೈತಿ."

ಶಟ್ಟೆವ್ವನೂ ತಲೆಯಾಡಿಸಿದಳು. "ಹೌದಪಾ. ಬಿಸಲಾಗ ತಿರಗಾಕಿ ಹಾಲಿಗಿಂತ ಅದ ಬೇಷು."

ಭಾಗೀರಥಿ ರೊಟ್ಟಿ ಮುರಿಯುತ್ತ ಕುಳಿತಳು. ಹಗುರವಂತೆ! ಕೂಸಿಗೆ ನೀರು ಎರೆಯುವವಳು ಅತ್ತೆ, ತೊಟ್ಟಿಲು ತೂಗುವವಳು ಅತ್ತೆ, ಕೂಸಿನ ಮೊದಲ ಹಲ್ಲು ಕಂಡವಳೂ ಅತ್ತೆಯೇ. ಇಡೀ ದಿನದಲ್ಲಿ ರಾಣಿ ತಾಯಿಯನ್ನು ಹುಡುಕುತ್ತಿದ್ದುದು ಇದೊಂದಕ್ಕೆ. ಬಾಟಲಿಯ ರಬ್ಬರಿನ ರುಚಿ ಹತ್ತಿದ ಕೂಸು ಹಿಂದಿರುಗಿ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ತಾನು ರಾತ್ರಿ ಬಂದು ಮಲಗಿ ನಸುಕಿನಲ್ಲಿ ಎದ್ದು ಹೋಗುವ ಒಬ್ಬ ಬಾಡಿಗೆಯವಳು. ಹಾಗೆಂದು ಬಾಯಿಬಿಟ್ಟು ಹೇಳುವ ತ್ರಾಣ ಅವಳಿಗೆ ಆ ಹೊತ್ತಿನಲ್ಲಿ ಇರಲಿಲ್ಲ.

ಮರುದಿನ ಯರಗಟ್ಟಿಯ ಈಚೆಗೆ ಒಬ್ಬ ಹುಡುಗಿ ಕೂಸನ್ನು ಎತ್ತಿಕೊಂಡು ಬಸ್ಸಿಗೆ ಕೈ ಮಾಡಿದಳು. ಫಿರದೋಸ್ ಎಂದು ಹೆಸರು, ಉಳ್ಳಾಗಡ್ಡಿ ಹೊಲದಿಂದ ಕೆಲಸ ಬಿಟ್ಟು ಬಂದವಳು. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಸೀಟು ಸಿಕ್ಕಿದ್ದೇ ತಡ, ಓಢಣಿ ಎಳೆದುಕೊಂಡು ಕೂಸಿಗೆ ಹಾಲು ಕೊಡಲು ಕುಳಿತಳು. ಭಾಗೀರಥಿ ಟಿಕೆಟ್ಟು ಕೊಡುತ್ತ ಅಲ್ಲೇ ನಿಂತಳು.

"ಬಿಸಲಾಗಿಂದ ಈಗ ಬಂದಿ. ಹಂಗ ಕುಡಸ್ತೀಯಲ್ಲ ತಂಗಿ, ಹಿಂಡಿ ಚೆಲ್ಲಂಗಿಲ್ಲೇನು?"

ಫಿರದೋಸ್ ನಕ್ಕಳು. "ಚೆಲ್ಲಿದ್ರ ಇದು ನನ್ನ ಸುಮ್ನ ಬಿಡ್ತೈತೇನ್ರಿ ಅಕ್ಕಾ? ಒಂದ ಚಣ ತಡಾ ಆದ್ರ ಕಚ್ಚತೈತ್ರಿ, ಹರಾಮಿ."

ಓಢಣಿಯ ಕೆಳಗಿನಿಂದ ದುಂಡನೆಯ ಒಂದು ಕಾಲು ಹೊರಗೆ ಬಂದು ಸೀಟಿನ ಬೆನ್ನಿಗೆ ಒದೆಯುತ್ತಿತ್ತು. ಮಡಿಕೆ ಮಡಿಕೆಯಾದ ತೊಡೆ. ಭಾಗೀರಥಿ ಆ ಕಾಲನ್ನೇ ನೋಡಿದಳು. ರಾಣಿಯ ಕಾಲು ಹೀಗಿರಲಿಲ್ಲ. ಮುರಗೋಡ ಬರುವವರೆಗೂ ಅದೇ ಕಾಲು ಅವಳ ಕಣ್ಣೆದುರಿಗಿತ್ತು.

ಆದರೂ ಧೈರ್ಯ ಬಂತೇ? ಎಲ್ಲಿಯ ಧೈರ್ಯ. ಚಿಕ್ಕಂದಿನಿಂದ ಕೇಳಿಕೊಂಡು ಬಂದ ಮಾತು ಒಂದು ಕಾಲು ನೋಡಿದರೆ ಹೋಗಿಬಿಡುತ್ತದೆಯೇ? ಒಂದು ವೇಳೆ ಕೂಸಿಗೆ ಏನಾದರೂ ಆದರೆ? ಆ ಸಂಜೆಯೂ ಮರದ ಬುಡಕ್ಕೆ ಹಿಂಡಿದಳು, ಅದರ ಮರುದಿನವೂ ಹಿಂಡಿದಳು.

ಮಾರ್ಚಿನ ಬಿಸಿಲು ಏರಿದ ಒಂದು ದಿನ ಬೈಲಹೊಂಗಲದ ಆಚೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಟ್ರಾಲಿಯೊಂದು ರಸ್ತೆಗೆ ಅಡ್ಡ ಬಿತ್ತು. ಆ ಕಡೆಯ ಬಸ್ಸು ಆ ಕಡೆ, ಈ ಕಡೆಯದು ಈ ಕಡೆ. ಕಾದ ತಗಡಿನ ಒಳಗೆ ಕುಳಿತ ಮಂದಿ ಕಂಡಕ್ಟರಳನ್ನೇ ಬೈಯತೊಡಗಿದರು, ಟ್ರಾಲಿ ಉರುಳಿಸಿದವಳು ಇವಳೇ ಎಂಬಂತೆ. ಭಾಗೀರಥಿ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಹೊತ್ತು ಎಣಿಸಿದಳು. ಬೇವಿನ ಮರದ ನೆರಳು ಈಗ ಸರಿದಿರುತ್ತದೆ. ರಾಣಿ ಅತ್ತು ಅತ್ತು ಕೆಂಪಗಾಗಿರುತ್ತಾಳೆ. ಎದೆ ಸಿಡಿಯುವಷ್ಟು ಬಿಗಿದು, ಚೀಲದ ಬಾರು ತಾಗಿದರೂ ಕಣ್ಣಲ್ಲಿ ನೀರು ಬರುತ್ತಿತ್ತು.

ದಾರಿ ತೆರವಾಗಿ ಬಸ್ಸು ಮುರಗೋಡಕ್ಕೆ ಬಂದಾಗ ಅಕ್ಬರಸಾಬ ಇಂಜಿನ್ನು ಬಂದ್ ಮಾಡಲೇ ಇಲ್ಲ. "ಬೇಟಿ, ಇವತ್ತ ಚಾ ಇಲ್ಲ. ಮಂದಿ ಇಳಿದು ಹತ್ತೂತನಕ ಅಷ್ಟ. ಏನೂ ತಿಳಕೋಬ್ಯಾಡ," ಎಂದ. ಅವನ ಮುಖವೂ ಸಣ್ಣಗಾಗಿತ್ತು.

ಭಾಗೀರಥಿ ಮರದ ಕಡೆಗೆ ಓಡಿದಳು. ರಾಣಿಯ ದನಿ ಒಡೆದು ಹೋಗಿತ್ತು. ಬಾಯಿ ತೆರೆಯುತ್ತಿತ್ತು, ಅಳು ಹೊರಗೆ ಬರುತ್ತಿರಲಿಲ್ಲ. ಶಟ್ಟೆವ್ವ ತಂಬಿಗೆ ಮುಂದೆ ಮಾಡಿದಳು. "ಲಗೂ ಹಿಂಡು. ಭಾಳ ಬಿಸಲಾಗಿಂದ ಬಂದಿ."

"ಇವತ್ತ ಒಲ್ಲೆರಿ ಅತ್ತಿ. ಹೊತ್ತಿಲ್ಲ. ಕೊಡ್ರಿ ಇಲ್ಲೆ."

"ಹಿಂಡದ ಹೆಂಗ ಕೊಡ್ಲಿ?"

"ನನ್ನ ಕೂಸು ನನಗ ಕೊಡ್ರಿ!"

ಇಷ್ಟು ದಿನಗಳಲ್ಲಿ ಅವಳು ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಶಟ್ಟೆವ್ವ ಕೂಸನ್ನು ಎದೆಗೆ ಅವುಚಿಕೊಂಡು ಮರದ ಕಡೆಗೆ ತಿರುಗಿಬಿಟ್ಟಳು. ತಂಬಿಗೆಯ ನೀರೆಲ್ಲ ಅವಳದೇ ಕಾಲ ಮೇಲೆ ಚೆಲ್ಲಿತು.

"ಬ್ಯಾಡs ಭಾಗೀ. ನಿನ್ನ ಕಾಲ ಬೀಳತೇನಿ, ಬ್ಯಾಡ. ನಾ ಹಿಂಗ ಕುಡಿಸಿ ಒಂದ ಕೂಸು ತಿಂದಕಿ."

ಭಾಗೀರಥಿಗೆ ಮೊದಲು ಅರ್ಥವೇ ಆಗಲಿಲ್ಲ.

"ಮುತ್ತನ ಮೊದಲ ನನಗ ಒಂದ ಹೆಣ್ಣಿತ್ತು. ಶೇಂಗಾ ಕೀಳಾಕ ಹೋಗಿದ್ದೆ. ಬಂದೆ, ಕೂಸು ಅಳಾಕತ್ತಿತ್ತು, ತಡೀಲಿಲ್ಲ, ಹಂಗ ಎದಿಗೆ ಹಚ್ಕೊಂಡೆ. ಸಂಜಿಗೆ ಜ್ವರಾ ಬಂತು, ಭೇದಿ ಹತ್ತಿತು. ಮರುದಿನ ಇರಲಿಲ್ಲ." ಶಟ್ಟೆವ್ವ ಮರಕ್ಕೇ ಹೇಳುತ್ತಿರುವವಳ ಹಾಗೆ ಹೇಳಿದಳು. "ನಮ್ಮತ್ತಿ ಅಂದ್ಲು, ನಿನ್ನ ಬಿಸಲ ಹಾಲ ಕೊಂದ್ವು ಅಂತ. ಯಾರ ಮುಂದೂ ಹೇಳಿಲ್ಲ. ಮುತ್ತಗೂ ಗೊತ್ತಿಲ್ಲ."

ಇಳಿಯುವವರು ಇಳಿದಾಗಿತ್ತು, ಹತ್ತುವವರು ಹತ್ತಿದ್ದರು. ಹಾರ್ನ್ ಬಿತ್ತು. ಭಾಗೀರಥಿಗೆ ಸಿಟ್ಟೆಲ್ಲ ಸರ್ರನೆ ಇಳಿದು, ಅದರ ಜಾಗದಲ್ಲಿ ಹೆದರಿಕೆ ಬಂದು ಕುಳಿತಿತು. ಅತ್ತೆಯ ಮಾತು ಖರೆಯಾಗಿದ್ದರೆ? ಕೂಸು ಮಾತ್ರ ತಾಯಿಯ ಅಂಗಿಯ ವಾಸನೆ ಹಿಡಿದು ಎರಡೂ ಕೈ ಚಾಚಿತು. ಆ ಕೈಗಳನ್ನು ನೋಡಿ ನಿಲ್ಲುವುದು ಅವಳಿಂದ ಆಗಲಿಲ್ಲ.

"ಅತ್ತಿ, ಬಸ್ಸ ಹತ್ರಿ."

"ಆಂ?"

"ಕೂಸನ್ನ ತಗೊಂಡ ಹತ್ರಿ. ರಾಮದುರ್ಗಕ್ಕ ಹೋಗಿ ಸಂಜಿಗೆ ಹೊಳ್ಳಿ ಬರೂಣು. ಏನರ ಆದ್ರ ನಾನೂ ಇರತೇನಿ, ನೀವೂ ಇರತೀರಿ. ಇಬ್ಬರೂ ಕೂಡಿ ನೋಡೂಣು."

ಹಾಗೆ ಶಟ್ಟೆವ್ವ ಸೊಸೆಯ ಬಸ್ಸನ್ನು ಜೀವಮಾನದಲ್ಲಿ ಮೊದಲ ಸಲ ಹತ್ತಿದಳು, ಖಾಲಿ ತಂಬಿಗೆ ಕೈಯಲ್ಲಿ ಹಿಡಿದುಕೊಂಡು. ಭಾಗೀರಥಿ ಬಾಗಿಲ ಹತ್ತಿರದ ತನ್ನ ಸೀಟಿನಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ, ಕೂಸನ್ನು ಹಾಗೆಯೇ ಎದೆಗೆ ಹಚ್ಚಿಕೊಂಡಳು. ರಾಣಿ ಗುಟುಕು ಗುಟುಕಾಗಿ, ಉಸಿರು ಸಿಕ್ಕಿ ಕೆಮ್ಮಿ, ಮತ್ತೆ ಬಾಯಿ ಹಾಕಿ ಕುಡಿಯಿತು. ಹಾಲು ಇಳಿದಾಗ ಭಾಗೀರಥಿಯ ಹೆಗಲಿನಿಂದ ಬೆರಳತುದಿಯವರೆಗಿನ ಬಿಗಿ ಸಡಿಲಿತು. ಅಳು ಬಂತು, ಅತ್ತಳು.

ಹತ್ತಿದವರಿಗೆ ಟಿಕೆಟ್ಟು ಯಾರು ಕೊಡಬೇಕು? ಅಕ್ಬರಸಾಬ ಊರ ಹೊರಗೆ ಒಂದು ಗಿಡದ ನೆರಳಿಗೆ ಬಸ್ಸು ನಿಲ್ಲಿಸಿ, ಹಿಂದಿರುಗಿ ನೋಡದೆ ಕನ್ನಡಿ ಒರೆಸತೊಡಗಿದ. ಅಷ್ಟು ಹೊತ್ತು ಬೈಯುತ್ತಿದ್ದ ಮಂದಿಯೂ ಸುಮ್ಮನಾಯಿತು. ಮುಂದಿನ ಸೀಟಿನ ಒಬ್ಬ ಅಜ್ಜಿ ಎದ್ದು ತನ್ನ ಸೆರಗನ್ನು ಅಡ್ಡ ಹಿಡಿದು ನಿಂತಳು. "ನೀ ಕುಡಸವಾ. ನಿನ್ನ ಸೊನ್ನಿ ಟಿಕೆಟ್ ಎಲ್ಲಿ ಓಡಿ ಹೋಗತಾವು?" ಎಂದಳು. ಭಾಗೀರಥಿ ಮೂಗು ಒರೆಸಿಕೊಂಡು, ಎಡಗೈಯಲ್ಲಿ ಕೂಸು, ಬಲಗೈಯಲ್ಲಿ ಟಿಕೆಟ್ಟಿನ ಯಂತ್ರ ಹಿಡಿದು ಕುಳಿತಲ್ಲಿಂದಲೇ ಟಿಕೆಟ್ಟು ತೆಗೆದಳು; ಅವು ಕೈಯಿಂದ ಕೈಗೆ ಹಿಂದಕ್ಕೆ ಹೋದವು.

ಶಟ್ಟೆವ್ವ ಮಾತ್ರ ಇದಾವುದನ್ನೂ ನೋಡಲಿಲ್ಲ. ಅವಳ ಅಂಗೈ ಕೂಸಿನ ಹಣೆಯ ಮೇಲಿತ್ತು. ಸಾಲಹಳ್ಳಿಯಲ್ಲಿ ಮುದಕವ್ವ ಡಬ್ಬಿ ಹಿಡಿದು ಬಂದವಳು ಬೀಗಿತ್ತಿಯನ್ನು ಬಸ್ಸಿನಲ್ಲಿ ಕಂಡು, "ಅಯ್ಯs ನಮ್ಮವ್ವಾ, ಎಲ್ಲಾರೂ ಎಲ್ಲಿ ಹೊಂಟ್ರಿ?" ಎಂದು ಬಾಯಿ ಬಾಯಿ ಬಿಟ್ಟಳು. ಶಟ್ಟೆವ್ವ ಕೂಸಿನ ಹಣೆಯಿಂದ ಕೈ ತೆಗೆಯಲಿಲ್ಲ. ರಾಮದುರ್ಗದಲ್ಲೂ ಅವಳು ಸೀಟು ಬಿಟ್ಟು ಇಳಿಯಲಿಲ್ಲ. ಹಣೆ ಮುಟ್ಟುವುದು, ಹೊಟ್ಟೆ ಮುಟ್ಟುವುದು, ಪಾದ ಮುಟ್ಟುವುದು. ರಾಣಿಯೋ ಹೊಟ್ಟೆ ತುಂಬಿ, ಬಾಯಿ ಅರೆ ತೆರೆದು, ಬಸ್ಸಿನ ಕುಲುಕಾಟಕ್ಕೆ ಗಾಢ ನಿದ್ದೆ ಮಾಡುತ್ತಿದ್ದಳು.

ಸಂಜೆ ಮುರಗೋಡದಲ್ಲಿ ಇಳಿಯುವಾಗ ಶಟ್ಟೆವ್ವ, "ಜ್ವರಾ ಇಲ್ಲ," ಎಂದಷ್ಟೇ ಹೇಳಿದಳು. ಮರುದಿನ ಬೇವಿನ ಮರದ ಕೆಳಗೆ ಅವಳು ಕೂಸಿನೊಂದಿಗೆ ನಿಂತಿದ್ದಳು, ಕೈಯಲ್ಲಿ ತಂಬಿಗೆ ಇರಲಿಲ್ಲ. ಆದರೆ ಪ್ರತಿ ಸಲ ರಾಣಿ ಬಾಯಿ ಹಚ್ಚಿದಾಗ ಶಟ್ಟೆವ್ವ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ಬಸ್ಸು ಓಡಿತು, ಬಿಸಿಲು ಏರಿತು, ಭಾಗೀರಥಿಯ ಸೊಂಟದ ನೋವು ಎಲ್ಲಿತ್ತೋ ಅಲ್ಲೇ ಉಳಿಯಿತು. ನಸುಕಿನಲ್ಲಿ ಏಳುವಾಗ ಕಾಲು ಇನ್ನೂ ನೆಲ ಊರಲು ಒಲ್ಲೆನ್ನುತ್ತಿತ್ತು. ಅಂಥದರಲ್ಲಿ ಅಂಗನವಾಡಿಯ ತೂಕದ ದಿನ ಬಂತು. ಅವಳಿಗೆ ರಜೆ ಸಿಗಲಿಲ್ಲ, ಕೂಸನ್ನು ಅತ್ತೆಯೇ ಒಯ್ದಳು. ಆ ದಿನ ಕಿತ್ತೂರಿನಿಂದ ಮುರಗೋಡದವರೆಗೆ ಭಾಗೀರಥಿ ಒಬ್ಬರಿಗೂ ಸರಿಯಾಗಿ ಚಿಲ್ಲರೆ ಕೊಡಲಿಲ್ಲ. ಬಾಟಲಿ ಗೂಡಿನಲ್ಲಿ ಹಾಗೇ ಕುಳಿತಿದೆ, ಇವತ್ತು ಇಳಿಯುತ್ತದೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ.

ಬಸ್ಸು ಹೊಕ್ಕಾಗ ಶಟ್ಟೆವ್ವ ಮರದ ಕಟ್ಟೆಯ ಮೇಲೆ ಕುಳಿತಿದ್ದಳು. ಕೂಸನ್ನು ಸೊಸೆಯ ಮಡಿಲಿಗೆ ಹಾಕಿದಳು.

"ಏರೇತಿ," ಎಂದಳು. "ಅಂಗನವಾಡಿಯಾಕಿ ಎರಡೆರಡ ಸಲ ತೂಗಿದ್ಲು. ಚಲೋ ಏರೇತಿ ಅಂದ್ಲು."

ಭಾಗೀರಥಿ ಗುಂಡಿ ಬಿಚ್ಚಿ ಕೂಸನ್ನು ಎದೆಗೆ ಹಚ್ಚಿಕೊಂಡಳು. ಅಕ್ಬರಸಾಬ ದೂರದಲ್ಲಿ ಚಹಾ ಊದುತ್ತಿದ್ದ. ಈ ಸಲ ಶಟ್ಟೆವ್ವ ಮುಖ ತಿರುಗಿಸಲಿಲ್ಲ. ಹಾಲು ಕುಡಿಯುವ ಆ ಸಣ್ಣ ಬಾಯಿಯನ್ನೇ ನೋಡುತ್ತ ಬಹಳ ಹೊತ್ತು ಕುಳಿತಳು. ಸಂತೋಷವಾಗಬೇಕಿದ್ದ ಮುಖದಲ್ಲಿ ಸಂತೋಷ ಇರಲಿಲ್ಲ.

"ಭಾಗೀ."

"ಏನ್ರಿ ಅತ್ತಿ?"

"ಹಂಗಾರ ಅಕಿ ನನ್ನ ಹಾಲಿನಿಂದ ಹೋಗಲಿಲ್ಲೇನು?"

ಭಾಗೀರಥಿ ತಲೆ ಎತ್ತಿದಳು.

"ಇಲ್ರಿ ಅತ್ತಿ. ನಿಮ್ಮ ಹಾಲಿನಿಂದ ಅಲ್ಲ. ಭೇದಿ ಆಗಿತ್ತು, ಔಷಧ ಸಿಕ್ಕಿರಲಿಕ್ಕಿಲ್ಲ. ನಿಮ್ಮ ಹಾಲು ಏನೂ ಮಾಡಿಲ್ಲ."

ಶಟ್ಟೆವ್ವ ತನ್ನ ಒಣಗಿದ ಎದೆಯ ಮೇಲೆ ಎರಡೂ ಅಂಗೈ ಇಟ್ಟುಕೊಂಡಳು. "ಕೃಷ್ಣವ್ವ ಅಂತ ಅಕಿ ಹೆಸರು," ಎಂದಳು.

ಆಚೆ ಹಾರ್ನ್ ಬಿತ್ತು. ಭಾಗೀರಥಿ ಏಳಲಿಲ್ಲ.